ಪ್ಯಾಲಿಯೇಟಿವ್ ಎಂದರೆ

ತಲೆ ಅರ್ಧ ನರೆತಿದ್ದರೂ ಆಸ್ಪತ್ರೆಯಲ್ಲಿ ಅವನು ವಾರ್ಡ್ ಬಾಯೇ. ಆ ಕೆಲಸದಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಮೇಲಿನ ಮಹಡಿಗಳಿಂದ ರೋಗಿಗಳನ್ನು ಸ್ಟ್ರೆಚರ್ ಮೇಲೆ ಕೆಳಗಿಳಿಸಿ, ಕಾರಿಡಾರಿನ ಕೊನೆಯ ವಾರ್ಡಿಗೆ ಮುಟ್ಟಿಸುವುದು ಅವನ ಪಾಲಿನ ಕೆಲಸ. ಆ ವಾರ್ಡಿನ ಬಾಗಿಲ ಮೇಲೆ 'ಪ್ಯಾಲಿಯೇಟಿವ್' ಎಂದು ಬರೆದಿತ್ತು.

ಇಂಗ್ಲಿಷಿನ ಈ ಪದ ಒಂಟಿಯಾಗಿ ಬರುವುದೇ ಅಪರೂಪ. ಪ್ಯಾಲಿಯೇಟಿವ್ ಕೇರ್, ಪ್ಯಾಲಿಯೇಟಿವ್ ವಾರ್ಡ್ ಎಂದು ಇನ್ನೊಂದು ಮೆತ್ತನೆಯ ಮಾತಿನ ಕೈ ಹಿಡಿದೇ ಬರುತ್ತದೆ. ಅರ್ಥ ಇಷ್ಟೇ: ರೋಗದ ಕೈ ಮೇಲಾಯಿತು, ಇನ್ನು ನೋವನ್ನಾದರೂ ತಗ್ಗಿಸೋಣ. ನೋವು ತಗ್ಗಿಸುವುದು ಪುಣ್ಯದ ಕೆಲಸವೇ, ಬಿಡಿ. ಆದರೆ ಅಲ್ಲಿನ ಡಾಕ್ಟರು ಅರ್ಥವನ್ನು ನುಂಗಿ, ಪದವನ್ನಷ್ಟೇ ಉದುರಿಸಿ, ಮುಂದಿನ ಮಂಚಕ್ಕೆ ಹೋಗಿಬಿಡುತ್ತಿದ್ದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೊನೆಗೆ ಲಿಫ್ಟಿನಲ್ಲಿ ಮನೆಯವರು ಕೇಳುತ್ತಿದ್ದುದು ಇವನನ್ನು.

"ಅದೇನಣ್ಣ, ಹೊಸ ಟ್ರೀಟ್‌ಮೆಂಟಾ?"

"ಹೂಂ. ನೋವೇ ಇರಲ್ಲ. ಆರಾಮಾಗಿ ನಿದ್ದೆ ಮಾಡ್ತಾರೆ."

ಸುಳ್ಳೇನಲ್ಲ, ನಿಜವೂ ಅಲ್ಲ. ನರ್ಸುಗಳು ಅವನನ್ನು 'ಸಮಾಧಾನಪ್ಪ' ಎಂದು ಕರೆಯುತ್ತಿದ್ದರು. ಅವನಿಗೂ ಒಳಗೊಳಗೇ ಹೆಮ್ಮೆ. ಲಿಫ್ಟಿನ ಬಾಗಿಲು ತೆರೆಯುವಷ್ಟರಲ್ಲಿ ಮನೆಯವರ ಮುಖ ಒಂದಿಷ್ಟು ತಿಳಿಯಾದರೆ ಸಾಕಿತ್ತು. ಆಮೇಲಿನದನ್ನು ನೋಡಲು ಅವನು ನಿಲ್ಲುತ್ತಿರಲಿಲ್ಲ.

ಹಾಗಿರುವಾಗ ಅವನ ಹೆಂಡತಿಯೇ ಆ ಸ್ಟ್ರೆಚರ್ ಮೇಲೆ ಮಲಗಿದಳು. ಹೊಟ್ಟೆಯ ಗಡ್ಡೆ ಲಿವರಿಗೂ ಹಬ್ಬಿತ್ತು.

ಆಕೆ ಬ್ಲೌಸ್ ಹೊಲಿಯುವವಳು, ನಾಲಿಗೆಯೂ ಸೂಜಿಯಷ್ಟೇ ಚುರುಕು. ತವರಿನ ಕಡೆಯಿಂದ ಉಳಿದಿದ್ದವಳು ಅಕ್ಕ ಒಬ್ಬಳೇ. ಯಾವುದೋ ಜಗಳದಲ್ಲಿ ಅಕ್ಕ, "ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ" ಎಂದುಬಿಟ್ಟಿದ್ದಳು. ಮಕ್ಕಳಿಲ್ಲದ ತಂಗಿ ಅಂದಿನಿಂದ ಅಕ್ಕನ ಮನೆಯ ಹೊಸಿಲು ತುಳಿದಿರಲಿಲ್ಲ. ಕೋಪ ಎಂದೋ ಇಳಿದಿತ್ತು, ಹಟ ಇಳಿದಿರಲಿಲ್ಲ.

"ನಿಮ್ಮಕ್ಕಂಗೆ ಒಂದು ಫೋನ್ ಮಾಡ್ಲಾ?" ಎಂದು ಲಿಫ್ಟಿನಲ್ಲಿ ಅವನು ಕೇಳಿದ.

"ಬೇಡ್ರೀ. ಹಿಂಗೆ ಬಿದ್ಕೊಂಡಿರೋವಾಗ ಬಂದ್ರೆ ಕನಿಕರಕ್ಕೆ ಬಂದಂಗಾಗುತ್ತೆ. ಎದ್ದು ಓಡಾಡೋ ಹಾಗಾದ್ಮೇಲೆ ನಾನೇ ಹೋಗ್ತೀನಿ. ನನ್ನಾಣೆ, ನೀವು ಹೇಳ್ಕೂಡ್ದು." ಆಮೇಲೆ ಕೇಳಿದಳು, "ಡಾಕ್ಟ್ರು ಪ್ಯಾಲಿಯೇಟಿವ್ ಅಂದ್ರಲ್ಲ, ಹಂಗಂದ್ರೇನ್ರೀ? ಯಾವಾಗ ಮನೆಗೆ ಬಿಡ್ತಾರೆ?"

ಅರ್ಥ ಹೇಳಿದ್ದರೆ ಅವಳೇ ಆಣೆ ಬಿಟ್ಟುಕೊಟ್ಟು ಅಕ್ಕನನ್ನು ಕರೆಸುತ್ತಿದ್ದಳು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ವರ್ಷಗಟ್ಟಲೆ ಒಂದೇ ಮಾತಿಗೆ ಪಳಗಿದ ಬಾಯಿ ಬೇರೆ ಮಾತಿಗೆ ತಿರುಗಲಿಲ್ಲ.

"ಮೊದ್ಲು ನೋವು ಕಮ್ಮಿ ಆಗ್ಲಿ, ಆಮೇಲೆ ನೋಡೋಣ," ಎಂದ.

ಅವಳು ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ಅವನಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು.

ದಿನವೂ ಹೇಳಲೇಬೇಕೆಂದು ಹೋಗುವನು. ಅವಳು ಅಕ್ಕನಿಗೆ ಯಾವ ಬಣ್ಣದ ಬ್ಲೌಸ್ ಹೊಲಿದುಕೊಂಡು ಹೋಗಲಿ ಎಂದು ಕೇಳುವಳು. ಅವನು ದಿಂಬು ಸರಿಮಾಡಿ, ನಾಳೆ ಹೇಳಿದರಾಯಿತು ಎಂದುಕೊಂಡು ಎದ್ದು ಬರುವನು. ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಒಂದು ಬೆಳಿಗ್ಗೆ ಅವಳು ಕಣ್ಣು ತೆರೆಯಲಿಲ್ಲ. ಉಸಿರಿತ್ತು, ಅರಿವಿರಲಿಲ್ಲ. ಆಗ ಆಣೆ ಮುರಿದು ಫೋನ್ ಮಾಡಿದ.

ಅಕ್ಕ ಎದ್ದುಬಿದ್ದು ಓಡಿಬಂದಳು. ತಂಗಿಯ ಕೆನ್ನೆ ತಟ್ಟಿದಳು, ಭುಜ ಅಲುಗಿಸಿದಳು. "ನಾನು ಕಣೇ, ತಪ್ಪಾಯ್ತು ಕಣೇ. ಒಂದ್ಸಲ ಬೈಯೇ ನನ್ನ!"

ಅಕ್ಕ ಅವನತ್ತ ತಿರುಗಿದಳು. "ಇಲ್ಲೇ ಕೆಲ್ಸ ಮಾಡೋರು ನೀವು. ಹಿಂಗಾಗುತ್ತೆ ಅಂತ ನಿಮ್ಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಅವಳಿಗೆ?"

ಅವನು ಇಲ್ಲವೆಂದು ತಲೆಯಾಡಿಸಿದ. ಅಕ್ಕ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು, ಅವನಿಗೆ ಬೆನ್ನು ಹಾಕಿ ಕುಳಿತು, ತಂಗಿಯ ಕಿವಿಗೆ ಬಾಯಿ ಹಚ್ಚಿ ತಪ್ಪಾಯ್ತು, ತಪ್ಪಾಯ್ತು ಎನ್ನತೊಡಗಿದಳು. ಸಂಜೆ ಉಸಿರು ನಿಂತ ಮೇಲೂ ಅವಳು ಅದನ್ನು ನಿಲ್ಲಿಸಲಿಲ್ಲ.