ಆಯುಧಪೂಜೆಗೆ ಒರೆಸಿದ ವೈಫೈ

ವೈಫೈ ಪೆಟ್ಟಿಗೆಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿದ್ದನ್ನು ಎಲ್ಲಾದರೂ ನೋಡಿದ್ದೀರಾ? ಇಲ್ಲವಾದರೆ ನಂಜನಗೂಡಿಗೆ ಬನ್ನಿ. ನಾನು ಸ್ಟೋರ್ಸ್ ನೋಡಿಕೊಳ್ಳುವ ಶಾವಿಗೆ ಕಾರ್ಖಾನೆಯಲ್ಲಿ ತೋರಿಸುತ್ತೇನೆ. ಅದರ ದೆಸೆಯಿಂದ ಹೋದ ಸೋಮವಾರ ನನ್ನ ಜೀವ ಬಾಯಿಗೆ ಬಂದಿತ್ತು.

ನಮ್ಮ ಗೋಡೌನಿನಲ್ಲಿ ಈಗ ರಟ್ಟಿನ ಪೆಟ್ಟಿಗೆಗಳನ್ನು ಕೈಯಲ್ಲಿ ಹಿಡಿಯುವ ಸ್ಕ್ಯಾನರಿನಿಂದ ಎಣಿಸುತ್ತೇವೆ. ಲೆಕ್ಕ ವೈರೇ ಇಲ್ಲದೆ ಆಫೀಸಿನ ಕಂಪ್ಯೂಟರಿಗೆ ಹೋಗುತ್ತದೆ. ಅದಕ್ಕಾಗಿ ಸೂರಿನಡಿ ಅಲ್ಲಲ್ಲಿ ಬಿಳಿ ತಟ್ಟೆಯಂಥವನ್ನು ಕೂರಿಸಿದ್ದಾರೆ. ಅವೇ ಆಕ್ಸೆಸ್ ಪಾಯಿಂಟುಗಳು. ಅವನ್ನೆಲ್ಲ ಆಳುವ ಪೆಟ್ಟಿಗೆ ಕಂಟ್ರೋಲರ್, ನನ್ನ ಟೇಬಲ್ ಪಕ್ಕದಲ್ಲಿದೆ. (ಹೆಡ್‌ಮಾಸ್ಟರ್ ಕಾಣದಿದ್ದರೆ ಕೆಲವು ಮೇಷ್ಟ್ರುಗಳು ಕ್ಲಾಸಿಗೆ ಹೋಗುವುದಿಲ್ಲವಲ್ಲ, ಹಾಗೆ. ಕಂಟ್ರೋಲರ್ ಸಿಗದಿದ್ದರೆ ತಟ್ಟೆಗಳೂ ಕೆಲಸ ಮಾಡುವುದಿಲ್ಲ.)

ಸೋಮವಾರ ಮಧ್ಯಾಹ್ನ ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನವರು ಈ ವ್ಯವಸ್ಥೆ ನೋಡಲು ಬರುವವರಿದ್ದರು. ಒಪ್ಪಿದರೆ ದೊಡ್ಡ ಆರ್ಡರ್. ಒಪ್ಪದಿದ್ದರೆ ಪ್ಯಾಕಿಂಗಿನ ಸೆಕೆಂಡ್ ಶಿಫ್ಟನ್ನೇ ನಿಲ್ಲಿಸುವುದಾಗಿ ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು. ಆ ಶಿಫ್ಟಿನಲ್ಲಿರುವವರೆಲ್ಲ ಹುಲ್ಲಹಳ್ಳಿ, ದೇವನೂರು ಕಡೆಯಿಂದ ಬಸ್ಸಿನಲ್ಲಿ ಬರುವ ಹೆಂಗಸರು. ಈ ಕೆಲಸ ಬಿಟ್ಟರೆ ಅವರಿಗೆ ಮತ್ತೆ ಗದ್ದೆ ಕೂಲಿಯೇ ಗತಿ.

ಹಬ್ಬದ ರಜೆ ಮುಗಿದಿತ್ತು. ಬೆಳಿಗ್ಗೆ ಟಿ. ನರಸೀಪುರದ ಬಸ್ಸಿಳಿದು ಬಂದವನೇ ಗೋಡೌನ್ ತೆಗೆಸಿ ಸ್ಕ್ಯಾನರ್ ಒತ್ತಿದೆ. ಊಹೂಂ. ತಲೆಯೆತ್ತಿದರೆ ಹಸಿರು ದೀಪ ಇರಬೇಕಾದ ಕಡೆಯೆಲ್ಲ ಕೆಂಪು.

ಯಾರ್ರೀ ಇದನ್ನು ಮುಟ್ಟಿದ್ದು ಅಂತ ಕೂಗಾಡಿದೆ. ಎಲೆಕ್ಟ್ರಿಷಿಯನ್ ಮುಟ್ಟಿಲ್ಲ. ವಾಚ್‌ಮನ್ ಮುಟ್ಟಿಲ್ಲ. ಬಾಡಿದ ಹೂವು ಗುಡಿಸಲು ಬೇಗ ಬಂದಿದ್ದ ಸೆಕೆಂಡ್ ಶಿಫ್ಟಿನ ಸಾಕಮ್ಮನವರೂ ಮುಟ್ಟಿಲ್ಲವಂತೆ. ಹಾಗಾದರೆ ಇಲಿ ಬಂದು ಮುಟ್ಟಿತೇ?

ಇದನ್ನೆಲ್ಲ ಕೂರಿಸಿಕೊಟ್ಟಿದ್ದ ಮೈಸೂರಿನ ಎಂಜಿನಿಯರ್‌ಗೆ ಫೋನ್ ಮಾಡಿದೆ. ಸಂಜೆಗೆ ಮುಂಚೆ ಬರಲಾಗುವುದಿಲ್ಲ ಅಂದ. ಕರೆಂಟ್ ನೋಡಿ ಅಂದ, ನೋಡಿದೆ. ಆಫ್ ಮಾಡಿ ಆನ್ ಮಾಡಿ ಅಂದ, ಅದೂ ಆಯಿತು. ಕೊನೆಗೆ, ಹಬ್ಬಕ್ಕೆ ಯಾರಾದರೂ ಕ್ಲೀನ್ ಮಾಡಿದರಾ ಅಂತ ಕೇಳಿದ. ಆ ಪ್ರಶ್ನೆಯನ್ನೇ ನಾನು ಎಲ್ಲರ ಮುಂದಿಟ್ಟೆ.

"ನಾನೇ ಸಾ," ಅಂದರು ಸಾಕಮ್ಮ, ಹೆಮ್ಮೆಯಿಂದ. "ವೈರೆಲ್ಲ ಕಿತ್ತು, ಧೂಳ ಒರೆಸಿ, ಬಣ್ಣ ನೋಡಿ ಸಾಲಾಗಿ ಸಿಗ್ಸಿವ್ನಿ. ಪೂಜೆಗೆ ನೀಟಾಗ್ ಕಾಣ್ಲಿ ಅಂತ. ಎಲ್ಲಾನೂ ಒರ್ಸಿ ಅಂತ ಯಜಮಾನ್ರೇ ಅಂದಿದ್ರಲ್ಲ."

ಬಗ್ಗಿ ಕಂಟ್ರೋಲರಿನ ಹಿಂದೆ ನೋಡಿದೆ. ನೀಲಿ ಪಕ್ಕ ನೀಲಿ, ಹಳದಿ ಪಕ್ಕ ಹಳದಿ, ಬಳೆ ಜೋಡಿಸಿದ ಹಾಗೆ! ನಗಬೇಕೋ ಅಳಬೇಕೋ? ಆಫೀಸಿನಿಂದ ಬರುವ ಬೂದು ಬಣ್ಣದ ಕೇಬಲ್ ಮೊದಲನೇ ತೂತಿನಲ್ಲೇ ಇರಬೇಕು ಅಂದ ಎಂಜಿನಿಯರ್. ಅದು ಕೊನೆಯಲ್ಲಿತ್ತು. ಅವನು ಹೇಳುತ್ತಾ ಹೋದ, ನಾನು ಒಂದೊಂದೇ ಬದಲಾಯಿಸಿದೆ. ಸಾಕಮ್ಮ ಟಾರ್ಚ್ ಹಿಡಿದರು. ಏನಾಗಿದೆ ಅಂತ ಅಷ್ಟುಹೊತ್ತಿಗೆ ಅವರಿಗೂ ತಿಳಿದಿತ್ತು.

ಕಾದೆವು. ಒಂದು ತಟ್ಟೆ ಹಸಿರಾಯಿತು. ಪಕ್ಕದ್ದೂ ಆಯಿತು. ನೋಡನೋಡುತ್ತ ಸೂರಿಡೀ ಹಸಿರು. ಅಬ್ಬಾ, ಹೋದ ಜೀವ ಬಂದಂತಾಯಿತು. ನಾನು ಅಲ್ಲೇ ಒಂದು ರಟ್ಟಿನ ಪೆಟ್ಟಿಗೆ ಮೇಲೆ ಕೂತುಬಿಟ್ಟೆ. ಮಧ್ಯಾಹ್ನ ಬಂದವರು ಸ್ಕ್ಯಾನರ್ ಒತ್ತಿ ನೋಡಿ ತಲೆದೂಗಿದರು. ಆರ್ಡರ್ ಸಿಕ್ಕಿತು, ಸೆಕೆಂಡ್ ಶಿಫ್ಟ್ ಉಳಿಯಿತು.

ಸಾಕಮ್ಮ ಸುಳ್ಳು ಹೇಳಿರಲಿಲ್ಲ, ಗಮನಿಸಿ. ಅವರ ಪ್ರಕಾರ ಮುಟ್ಟುವುದು ಅಂದರೆ ಕಿತಾಪತಿ. ಪೂಜೆಗೆ ಒರೆಸುವುದು ಮುಟ್ಟಿದ ಹಾಗಾಗುತ್ತದೆಯೇ? ನಮ್ಮ ಮನೆಗಳಲ್ಲೂ ಅಷ್ಟೇ ತಾನೆ? ಟೀವಿ ಕೆಟ್ಟಾಗ ಯಾರು ಮುಟ್ಟಿದ್ದು ಅಂತ ಗದರಿದರೆ ಮನೆಮಂದಿಯೆಲ್ಲ ಗಪ್‌ಚುಪ್. (ನನ್ನ ಹೆಂಡತಿ ಇದನ್ನು ಓದುತ್ತಾಳೆ, ಇನ್ನು ಹೆಚ್ಚು ಬರೆಯಲಾರೆ.)

ಸಂಜೆ ಯಜಮಾನರು ಕರೆಸಿದರು. ಬೆಳಗಿನ ಗಲಾಟೆ ಅವರ ಕಿವಿಗೆ ಬಿದ್ದಿತ್ತು. ವೈರ್ ಕಿತ್ತವರ ಹೆಸರು ಕೊಡಿ, ನಾಳೆಯಿಂದ ಅವರು ಬರುವುದು ಬೇಡ ಅಂದರು. ನನಗೆ ಮೈಯೆಲ್ಲ ಉರಿಯಿತು. ಸಾಕಮ್ಮ ಇವತ್ತಿಗೂ ಸೆಕೆಂಡ್ ಶಿಫ್ಟಿನಲ್ಲೇ ಇದ್ದಾರೆ, ಯಾಕೆಂದರೆ ನಾನು ತಿರುಗಿ ಕೇಳಿದ್ದು ಇಷ್ಟೇ:

"ಹಬ್ಬಕ್ಕೆ ಒಂದು ಮೆಷಿನ್ನೂ ಬಿಡದೆ ಒರೆಸಿ ಅಂತ ಹೇಳಿದವರ ಹೆಸರೂ ಬೇಕಾ ಸಾರ್?"