ಮಗು ಎದ್ದು ಹೋದ ಜಾಗ

ಐವತ್ತರ ದಶಕದಲ್ಲಿ ನಾನು ಗಾವಡಗೆರೆಯ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದಾಗ, ಮಕ್ಕಳ ಪುಸ್ತಕಗಳ ಸಂಪಾದಕರೊಬ್ಬರು ಶನಿವಾರ ಬೆಳಗಿನ ಬಸ್ಸಿಗೆ ಹುಣಸೂರಿನಿಂದ ಬರುತ್ತಿದ್ದರು. ಬಗಲಲ್ಲಿ ಹಸ್ತಪ್ರತಿಗಳ ಕಟ್ಟು, ಕಿವಿಯ ಮೇಲೆ ಕೆಂಪು ಪೆನ್ಸಿಲ್ಲು. ಮಕ್ಕಳ ನಡುವೆ ನೆಲದ ಮೇಲೆ ಕೂತು, ಅಚ್ಚಿಗೆ ಹೋಗಬೇಕಾದ ಕತೆಗಳನ್ನು ಗಟ್ಟಿಯಾಗಿ ಓದುವರು. ಯಾವ ಸಾಲಿನಲ್ಲಿ ಮಗು ಎದ್ದು ಹೋಯಿತೋ ಆ ಸಾಲಿಗೆ ಕೆಂಪು ಗೀಟು. ಬರೆದವರು ಎಷ್ಟೇ ದೊಡ್ಡವರಾಗಿರಲಿ, “ಮಗು ಎದ್ದೋದ ಮೇಲೆ ನಾವ್ಯಾರು ಕಣಮ್ಮ?” ಎನ್ನುವರು.

ಒಮ್ಮೆ ಧೈರ್ಯ ಮಾಡಿ ನನ್ನ ಕತೆಯನ್ನೂ ಕೊಟ್ಟೆ. ತಪ್ಪಿಸಿಕೊಂಡ ಕರುವಿನ ಕತೆ. ಕತ್ತಲಾದರೂ ಕರು ಮನೆಗೆ ಬರಲಿಲ್ಲ ಎಂದು ಅವರು ಓದುತ್ತಿದ್ದಂತೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ದಡಕ್ಕನೆ ಎದ್ದು ಹೊರಗೆ ಓಡಿದಳು. ನನ್ನ ಮುಖ ಸಣ್ಣದಾಯಿತು. ಅವರು ಪೆನ್ಸಿಲ್ ತೆಗೆದು ಗೀಟು ಎಳೆದೇಬಿಟ್ಟರು.

ಸ್ವಲ್ಪ ಹೊತ್ತಿಗೆ ಹುಡುಗಿ ಏದುಸಿರು ಬಿಡುತ್ತ ವಾಪಸು ಬಂದಳು.

“ಎಲ್ಲೋಗಿದ್ದೆ ಮಗಾ?” ಎಂದು ಕೇಳಿದರು.

“ನಮ್ ಕರ ಕೊಟ್ಟಿಗೇಲೈತಾ ಅಂತ ನೋಡ್ಕೊಂಡ್ ಬಂದೆ. ಐತೆ. ಈಗ ಓದಿ ಸಾ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಗೀಟನ್ನು ರಬ್ಬರಿನಿಂದ ಉಜ್ಜಿದರು. ಕೆಂಪು ಪೂರ್ತಿ ಹೋಗಲಿಲ್ಲ. “ತಪ್ಪಾಯ್ತು ಕಣಮ್ಮ” ಎಂದರು, ನನ್ನ ಕಡೆ ನೋಡದೆ.

ಒಂದು ಶನಿವಾರ ಬಸ್ಸು ಬಂತು, ಅವರು ಇಳಿಯಲಿಲ್ಲ. ಮತ್ತೆಂದೂ ಇಳಿಯಲಿಲ್ಲ. ಆಮೇಲೆ ನಾನು ಹತ್ತಾರು ಕತೆ ಬರೆದೆ, ಒಂದೊಂದನ್ನೂ ಮಕ್ಕಳಿಗೆ ಓದಿದೆ. ಎಲ್ಲರೂ ಕೊನೆಯವರೆಗೂ ಜಾಣರಾಗಿ ಕೂತು ಕೇಳಿದರು. ನಾನು ಮಾತ್ರ ಓದುವಾಗೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ.