ಎತ್ತದ ಕೈ

ನನ್ನ ಛತ್ರಿ ಮುರಿದದ್ದು ಒಬ್ಬ ಮನುಷ್ಯನ ಬೆನ್ನಿನ ಮೇಲೆ. ಕೃಷ್ಣಗಿರಿಯ ಮನೆಯಲ್ಲಿ ಕೇಳಿದಾಗ ಬಸ್ಸಿನಲ್ಲಿ ಮರೆತುಬಂದೆ ಎಂದಿದ್ದೆ. ಹೆಂಡತಿ ನಂಬಲಿಲ್ಲ, ಆದರೆ ಮತ್ತೆ ಕೇಳಲೂ ಇಲ್ಲ. ಈಗ ಅವಳಿಲ್ಲ, ನನಗೂ ವಯಸ್ಸಾಗಿದೆ, ಸುಳ್ಳನ್ನು ಇನ್ನೆಷ್ಟು ದಿನ ಹೊತ್ತು ತಿರುಗಲಿ?

ಎರಡನೇ ಮಹಾಯುದ್ಧ ಮುಗಿದಿತ್ತು, ಸೀಮೆಎಣ್ಣೆ ಇನ್ನೂ ರೇಷನ್ ಕಾರ್ಡಿಗೇ ಸಿಗುತ್ತಿತ್ತು. ನಾನು ಕೃಷ್ಣಗಿರಿಯ ಮುನ್ಸೀಫ್ ಕೋರ್ಟಿನಲ್ಲಿ ವಕೀಲ. ಹುಟ್ಟೂರು ಉದ್ದನಪಲ್ಲಿಯ ಹತ್ತಿರದ ಒಂದು ಹಳ್ಳಿ. ಹಳ್ಳಿಗಳ ಸಣ್ಣಪುಟ್ಟ ತಕರಾರುಗಳನ್ನು ಅಲ್ಲಿಯ ಪಂಚಾಯ್ತಿ ಕೋರ್ಟೇ ತೀರ್ಮಾನಿಸುತ್ತಿತ್ತು. ಆ ಕೋರ್ಟಿನೊಳಗೆ ವಕೀಲರು ವಾದ ಮಾಡುವಂತಿರಲಿಲ್ಲ. ಅಂಥ ಕೋರ್ಟಿಗೆ ವಕೀಲನೇ ಜಡ್ಜಾಗುತ್ತೇನೆಂದು ಓಟಿಗೆ ನಿಂತರೆ ಜನ ನಗದೆ ಇರುತ್ತಾರೆಯೇ? ‘ಕುರಿ ಕಾಯೋಕೆ ತೋಳ ಬತ್ತಾ ಐತೆ’ ಎಂದು ನನ್ನೆದುರಿಗೇ ಆಡಿಕೊಂಡರು.

ಅದುವರೆಗೆ ಜಡ್ಜಾಗಿದ್ದವರು ಊರ ಗೌಡರು. ಅವರ ಮನೆಯ ಜಗಲಿಯೇ ಕೋರ್ಟು. ಅವರು ಕುರ್ಚಿಯಲ್ಲಿ, ದೂರು ತಂದವನು ಕೆಳಗೆ ಬಿಸಿಲಿನಲ್ಲಿ. ನಮ್ಮ ಜನ ಆಡುವುದು ಕನ್ನಡ, ತೆಲುಗು; ಸೀಮೆ ತಮಿಳಿನವರದ್ದಾದ್ದರಿಂದ ತೀರ್ಪನ್ನು ತಮಿಳಿನಲ್ಲಿ ಬರೆಯುತ್ತಿದ್ದರು. ಹೆಬ್ಬೆಟ್ಟು ಒತ್ತಿದವನಿಗೆ ತಾನು ಗೆದ್ದೆನೋ ಸೋತೆನೋ ಎಂಬುದು ಮಾರನೆಯ ದಿನ ಯಾರಾದರೂ ಹೇಳಿದರೆ ಗೊತ್ತಾಗುತ್ತಿತ್ತು. ಚಾವಡಿಯ ಪಕ್ಕದ ಹುಣಸೆಮರದ ಕೆಳಗೆ ಎರಡು ತೂತಿನ ಒಂದು ದಪ್ಪ ದಿಮ್ಮಿ ಇತ್ತು. ಕೋಳದ ಮರ ಎನ್ನುತ್ತಿದ್ದರು. ಊರಾಚೆಯ ಕೇರಿಯ ಜನರ ಕಾಲುಗಳನ್ನು ಅದರಲ್ಲಿ ಸಿಕ್ಕಿಸಿ ಮೇಲಿಂದ ಬೆಣೆ ಹೊಡೆಯುತ್ತಿದ್ದರು. ಬೇರೆಯವರ ಕಾಲು ಅದರಲ್ಲಿ ಸಿಕ್ಕಿದ್ದನ್ನು ನಾನಂತೂ ನೋಡಿಲ್ಲ.

ಅಪ್ಪನ ತಿಥಿಗೆಂದು ಊರಿಗೆ ಹೋಗಿದ್ದಾಗ ಅದರಲ್ಲಿ ಒಬ್ಬನಿದ್ದ. ಅವನ ಮೇಕೆಗಳು ಗೌಡರ ಅವರೆ ಹೊಲಕ್ಕೆ ನುಗ್ಗಿದ್ದವಂತೆ. ಬೆಳಿಗ್ಗೆಯಿಂದ ಬಿಸಿಲಿನಲ್ಲಿ ಕೂತಿದ್ದ. ಗೌಡರ ಆಳೊಬ್ಬ ಹುಣಸೆ ಬರಲಿನಿಂದ ಅವನ ಅಂಗಾಲಿಗೆ ಬಾರಿಸುತ್ತಿದ್ದ, ಬೇಸರವಾದಾಗ ನಿಲ್ಲಿಸಿ ಬೀಡಿ ಸೇದುತ್ತಿದ್ದ, ಮತ್ತೆ ಬಾರಿಸುತ್ತಿದ್ದ. ಕಣಕಾಲಿನ ಚರ್ಮ ಸುಲಿದು ನೊಣ ಮುತ್ತಿತ್ತು. ನಾನು ಜಗಲಿ ಹತ್ತಿ ಕೂಗಾಡಿದೆ. ಗೌಡರು ಎಲೆಗೆ ಸುಣ್ಣ ಹಚ್ಚುತ್ತಾ, “ವಕೀಲ್ರೇ, ನಿಮ್ ಕೋರ್ಟು ಕೃಷ್ಣಗಿರೀಲೈತೆ. ಇದು ನಮ್ದು” ಎಂದರು.

ಆ ಮಾತಿಗೇ ನಾನು ಓಟಿಗೆ ನಿಂತದ್ದು. ನ್ಯಾಯದ ಮೇಲಿನ ಪ್ರೀತಿ ಎಷ್ಟಿತ್ತೋ, ಗೌಡರ ಮೇಲಿನ ಸಿಟ್ಟೂ ಅಷ್ಟೇ ಇತ್ತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಊರೂರಿಗೆ ಗಾಡಿ ಕಟ್ಟಿಕೊಂಡು ಹೋಗಿ ಮೂರೇ ಮಾತು ಹೇಳಿದೆ. ನಾನು ಜಡ್ಜಾದರೆ ಕೋಳದ ಮರ ಒಲೆಗೆ ಹೋಗುತ್ತದೆ. ತೀರ್ಪನ್ನು ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತೇನೆ. ನನ್ನ ಕೋರ್ಟಿನಲ್ಲಿ ಯಾವನೇ ಆಗಲಿ, ಕೂತು ಮಾತಾಡಬಹುದು, ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ಕೋಳದಿಂದ ಬಿಡಿಸಿಕೊಂಡ ಆ ಮನುಷ್ಯ ಕುಂಟುತ್ತಾ ಒಂದು ದಿನ ಊರಿನ ನಮ್ಮ ಮನೆಗೆ ಬಂದ. ಅಂಗಳದಲ್ಲೇ ನಿಂತ. ನಾನು ಬಲವಂತ ಮಾಡಿ ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕೂರಿಸಿದೆ. ಒಳಗಿನಿಂದ ಅಮ್ಮ ಗೊಣಗಿದ್ದು ಇಬ್ಬರಿಗೂ ಕೇಳಿಸಿತು. ಅವನು ಅಂಚಿನಲ್ಲಿ ಅರ್ಧ ಮಾತ್ರ ಕೂತ. ಸ್ವಲ್ಪ ಹೊತ್ತಿನ ಮೇಲೆ ಪೂರ್ತಿ ಕೂತ. ಅದನ್ನು ಕಂಡು ನಾನು ಗೆದ್ದೇಬಿಟ್ಟೆ ಅಂದುಕೊಂಡೆ.

“ನಮ್ ಕೇರಿಯೋರ್ನೆಲ್ಲ ನಾನ್ ನೋಡ್ಕತೀನಿ ಸ್ವಾಮಿ” ಎಂದ. “ನಾನ್ ಕೈ ಎತ್ತುದ್ರೆ ಕೇರಿಗ್ ಕೇರೀನೇ ಎತ್ತತದೆ.”

“ಸೋತರೆ?”

“ಸೋತ್ರೆ ಇನ್ನೇನ್ ಸ್ವಾಮಿ, ನನ್ ಕಾಲು ಆ ಮರುಕ್ಕೇ” ಎಂದು ನಕ್ಕ.

ಆಗ ನಮ್ಮ ಹಳ್ಳಿಗಳಲ್ಲಿ ಪೆಟ್ಟಿಗೆಯ ಓಟು ಇರಲಿಲ್ಲ. ಎಲ್ಲರೆದುರು ಕೈ ಎತ್ತಬೇಕು, ಅಧಿಕಾರಿ ಎಣಿಸಿಕೊಳ್ಳುತ್ತಾನೆ. ಯಾರ ಕೈ ಯಾರಿಗೆ ಎದ್ದಿತು ಎಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು. ಆ ಧೈರ್ಯಕ್ಕೆ ಅವನು ತನ್ನ ಕಾಲನ್ನು ಪಣವಿಟ್ಟಿದ್ದ.

ಓಟು ಹತ್ತಿರವಾದಂತೆ ಊರು ಕೆಟ್ಟಿತು. ನನ್ನ ಗಾಡಿಗೆ ಕಲ್ಲು ಬಿದ್ದು ಗಾಡಿ ಹೊಡೆಯುವವನ ತಲೆ ಒಡೆಯಿತು. ರಾಯಕೋಟೆಗೆ ಕರೆದೊಯ್ದು ಹೊಲಿಗೆ ಹಾಕಿಸಿದೆ. ನಮ್ಮ ಹುಲ್ಲಿನ ಬಣವೆ ಹಾಡಹಗಲಲ್ಲೇ ಹತ್ತಿ ಉರಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಒಂದು ಎತ್ತಿನ ಬಾಲವನ್ನು ಯಾರೋ ಕತ್ತರಿಸಿದ್ದರು; ಅದು ನೋವಿಗೆ ಗೊಂತಿನ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿತ್ತು. ನಮ್ಮ ಕಡೆಯವರೇನೂ ಸುಮ್ಮನಿರಲಿಲ್ಲ. ಗೌಡರ ಕಾವಲಿನವನನ್ನು ಸಂತೆಯ ದಾರಿಯಲ್ಲಿ ಅಡ್ಡಹಾಕಿ ಹಲ್ಲು ಉದುರಿಸಿದರು. ಅವರನ್ನು ಕರೆಸಿ ಬೈದೆ. ಒಳಗೊಳಗೆ ಖುಷಿಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಓಟಿನ ದಿನ ಚಾವಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಹೊಸೂರಿನಿಂದ ಬಂದ ಅಧಿಕಾರಿ ತಮಿಳಿನವರು. “ಕೈ ತೂಕ್ಕುಂಗ” ಎಂದರು; ಊರ ಕಾವಲಿನ ತಳಾರಿ “ಕೈ ಎತ್ರಪ್ಪೋ” ಎಂದು ಕೂಗಿದ. ಗೌಡರಿಗೆ ಮೊದಲು ಎತ್ತಿಸಿದರು. ಅರ್ಧಕ್ಕಿಂತ ಕಡಮೆ ಕೈಗಳು. ನನ್ನ ಎದೆ ಹಗುರಾಯಿತು. ಆಮೇಲೆ ನನ್ನ ಹೆಸರು ಕೂಗಿದರು.

ಮುಂದಿನ ಸಾಲುಗಳ ಕೈಗಳು ಎದ್ದವು. ಹಿಂದೆ, ಹುಣಸೆಮರದ ಆಚೆ, ಕೇರಿಯವರು ನಿಂತಿದ್ದರು. ಅವರ ಮುಂದೆ ನನಗೆ ಮಾತು ಕೊಟ್ಟವನು, ಆ ಉರಿ ಬಿಸಿಲಿನಲ್ಲೂ ಮೈತುಂಬ ಕಂಬಳಿ ಹೊದ್ದು. ನಾನು ಅವನನ್ನೇ ನೋಡಿದೆ. ಅವನೂ ನನ್ನನ್ನೇ ನೋಡಿದ. ಕೈ ಎತ್ತಲಿಲ್ಲ. ಅವನ ಹಿಂದಿನ ಮುದುಕನ ಕೈ ಅರ್ಧಕ್ಕೆ ಎದ್ದದ್ದು, ಇವನು ಎತ್ತದಿರುವುದನ್ನು ಕಂಡು ಇಳಿಯಿತು. ಕೇರಿಯ ಒಂದು ಕೈಯೂ ಏಳಲಿಲ್ಲ. ಅಧಿಕಾರಿ ಎಣಿಸಿ ಗೌಡರ ಹೆಸರು ಹೇಳಿದರು. ತಮಟೆ ಶುರುವಾಯಿತು.

ನಾನು ಜನರನ್ನು ನೂಕಿಕೊಂಡು ಅವನ ಹತ್ತಿರ ಹೋದೆ. “ಯಾರ ಎಂಜಲು ತಿಂದ್ಯೋ, ನಾಯಿ?” ಎಂದೆ. ಅವನು ಬಾಯಿ ತೆರೆದ. ಉತ್ತರಕ್ಕೆ ನಾನು ಕಾಯಲಿಲ್ಲ. ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುತ್ತೇನೆಂದು ಹತ್ತೂರಿನಲ್ಲಿ ಭಾಷಣ ಮಾಡಿದವನು ಛತ್ರಿ ತಿರುಗಿಸಿ ಹಿಡಿದು ಹೆಗಲಿಗೆ ಬಾರಿಸಿದೆ, ಬೆನ್ನಿಗೆ ಬಾರಿಸಿದೆ. ಕೋಲು ಮುರಿದು ಕಡ್ಡಿಗಳು ಕಿತ್ತುಬಂದವು. ಬಿದ್ದವನನ್ನು ಒದ್ದೆ. ಅವನು ಒಂದೇ ಕೈಯಿಂದ ಮುಖ ಮುಚ್ಚಿಕೊಂಡ. ಆ ಕೈಗೂ ಹೊಡೆದೆ. ಹೊಡೆಯುವಾಗ ಹಿತವಾಗಿತ್ತು.

ಕಂಬಳಿ ಜಾರಿತು. ಬಲಗೈಯನ್ನು ಹಳೇ ಪಂಚೆಯ ಚೂರಿನಿಂದ ಎದೆಗೆ ಬಿಗಿದು ಕಟ್ಟಿದ್ದರು. ಮೊಣಕೈಯಿಂದ ಕೆಳಗೆ ಊದಿ ಕಪ್ಪಾಗಿತ್ತು, ಮೂಳೆ ಚರ್ಮದಡಿಯಲ್ಲಿ ಎದ್ದು ಕಾಣುತ್ತಿತ್ತು.

“ನೆನ್ನೆ ಸಂಜೆ ಕೆರೆ ಏರಿ ಮ್ಯಾಲೆ ಗೌಡ್ರು ಕಡೆಯೋರು ಇಡ್ಕಂಡ್ರು ಸ್ವಾಮಿ” ಎಂದ ಆ ಮುದುಕ. “ಕಲ್ ಮ್ಯಾಲೆ ಇಟ್ಟು ಒನಕೇಲಿ ಮುರುದ್ರು. ಬರ್ಬ್ಯಾಡ ಕಣ್ಲಾ ಅಂದ್ರೂ ಕೇಳ್ದೆ ಬಂದ. ನಿಂತ್ಕಂಡಾದ್ರೂ ಇರ್ತೀನಿ ಅಂದ.”

ಆದರೂ ವಕೀಲನ ಬುದ್ಧಿ ಎಲ್ಲಿ ಹೋಗುತ್ತದೆ? “ಎಡಗೈ ಇತ್ತಲ್ಲೋ!” ಎಂದು ಕಿರುಚಿದೆ. “ಅದನ್ನಾದರೂ ಎತ್ತಬಾರದಾಗಿತ್ತೇನೋ?”

ಅವನು ಮಣ್ಣಿನಲ್ಲಿ ಬಿದ್ದಲ್ಲಿಂದಲೇ ನನ್ನನ್ನು ನೋಡಿದ.

“ಎಡಗೈಯಾ? ನಿಮ್ಗಾ ಸ್ವಾಮಿ?” ಎಂದ. “ಒಳ್ಳೇ ಕೆಲ್ಸುಕ್ಕೆ ಯಾರಾದ್ರೂ ಎಡಗೈ ಎತ್ತಾರಾ? ಕೆಟ್ಟೋಯ್ತದೆ ಅಂತ ಬುಟ್ಟೆ.”

ಕೇರಿಯವರು ಸುತ್ತ ನಿಂತಿದ್ದರು. ಅಷ್ಟು ಜನರಲ್ಲಿ ಒಬ್ಬನೂ ನನ್ನ ಕೈ ಹಿಡಿಯಲಿಲ್ಲ, ಒಬ್ಬನೂ ತಿರುಗಿ ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಗೌಡರು ಹಾರ ಹಾಕಿಕೊಂಡೇ ಬಂದರು. ಕೆಳಗೆ ಬಿದ್ದವನನ್ನೂ ಮುರಿದ ಛತ್ರಿಯನ್ನೂ ನೋಡಿದರು. ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ನೆಂಟನನ್ನು ಕಂಡಷ್ಟು ಪ್ರೀತಿಯಿತ್ತು.

“ಇವನ್ನ ಇವತ್ತು ಕೋಳುಕ್ ಆಕ್ಸಾವ ಅಂತಿದ್ದೆ ವಕೀಲ್ರೇ. ನೀವೇ ತೀರ್ಸ್‌ಬುಟ್ರಲ್ಲ. ಬುಡಿ, ಇಷ್ಟೇ ಸಾಕು. ಇನ್ನಿವನ್ನ ನಾನ್ ಮುಟ್ಟಾಕಿಲ್ಲ.” ಹೀಗೆಂದು ನನ್ನ ಕೈಗೆ ಎಲೆ ಅಡಿಕೆ ಇಟ್ಟರು. ನನ್ನ ಬೆರಳುಗಳು ಅದನ್ನು ಹಿಡಿದುಕೊಂಡವು. ಜಡ್ಜಾಗದೆಯೇ ನಾನು ಕೊಟ್ಟ ತೀರ್ಪು ಅದೊಂದೇ, ಅದನ್ನು ಗೌಡರು ಒಪ್ಪಿಕೊಂಡರು.

ಮಾರನೆಯ ದಿನ ಮೂಳೆ ಕಟ್ಟುವವನನ್ನು ಕರೆದುಕೊಂಡು ಕೇರಿಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ.

“ಓಟು ಮುಗೀತಲ್ಲ ಸ್ವಾಮಿ, ಇನ್ಯಾಕ್ ಬಂದ್ರಿ?” ಎಂದಳು.

ಒಳಗೆ ಚಾಪೆಯ ಮೇಲೆ ಮಲಗಿದ್ದವನು ನನ್ನ ದನಿ ಕೇಳಿ ಎದ್ದು ಹೊರಗೆ ಬಂದ. ಬೆನ್ನಿನ ಮೇಲೆ ನನ್ನ ಛತ್ರಿಯ ಬಾಸುಂಡೆಗಳು ಎದ್ದಿದ್ದವು. ನೋವಿಗೆ ಕಾಲು ನಡುಗುತ್ತಿತ್ತು. “ಕೂತ್ಕೋಪ್ಪಾ” ಎಂದೆ. ಕೂರಲಿಲ್ಲ. “ತಪ್ಪಾಯ್ತು, ಕೂತ್ಕೋ” ಎಂದೆ. ತಲೆ ಬಗ್ಗಿಸಿ ನಿಂತೇ ಇದ್ದ. ಕೊನೆಗೆ ನಾನೇ ಅವನ ಮನೆಯ ಮುಂದಿನ ಮಣ್ಣಿನಲ್ಲಿ ಕೂತುಬಿಟ್ಟೆ.

ಅವನು ಎರಡು ಹೆಜ್ಜೆ ಹಿಂದೆ ಸರಿದು, ಬಿಸಿಲಿನಲ್ಲಿ ನಿಂತುಕೊಂಡ.